ಬನಶಂಕರಿ ಜಾತ್ರೆಯ ಬುಟ್ಟಿ

ಬಾದಾಮಿ ಕಡೆಯ ಚೊಳಚಗುಡ್ಡದ ಬನಶಂಕರಿಗೆ ಹೋದವರು ಹರಿದ್ರಾ ತೀರ್ಥದಲ್ಲಿ ಕಾಲು ತೊಳೆದು, ಉಡಿ ತುಂಬಿಸಿ, ಕಾಯಿ ಒಡೆಸಿ ಹೊರಗೆ ಬಂದರೆ ಅರ್ಧ ಯಾತ್ರೆ ಮುಗಿದ ಹಾಗೆ. ಉಳಿದರ್ಧ ಊಟ. ಹೊಂಡದ ದಂಡೆಯ ಕಲ್ಲುಮಂಟಪದ ನೆರಳು ಹಿಡಿದು ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ತಾಯಂದಿರು ತಲೆಯ ಮೇಲೆ ಬುಟ್ಟಿ ಹೊತ್ತು ಹತ್ತಿರ ಬರುತ್ತಾರೆ. “ರೊಟ್ಟಿ ಉಣ್ತೀರೇನ್ರಿ ಅಣ್ಣಾರ? ಖಡಕ್ ಐತ್ರಿ, ಮೆತ್ತಂದೂ ಐತ್ರಿ.” ಬುಟ್ಟಿ ಇಳಿಸಿ ಬಟ್ಟೆ ಸರಿಸಿದರೆ ಒಂದರ ಮೇಲೊಂದು ಒಟ್ಟಿದ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ರಂಜಕ, ಗುರೆಳ್ಳು ಚಟ್ನಿ, ಪುಟ್ಟ ಕುಡಿಕೆಯಲ್ಲಿ ಗಟ್ಟಿ ಮೊಸರು. ರೊಟ್ಟಿಯೇ ತಾಟು, ರೊಟ್ಟಿಯೇ ಊಟ. ಬರಗಾಲದಲ್ಲಿ ತನ್ನ ಮೈಯಿಂದಲೇ ಕಾಯಿಪಲ್ಲೆ ಬೆಳೆದು ಕೊಟ್ಟ ಶಾಕಂಭರಿಯ ಊರಿನಲ್ಲಿ ಇದಕ್ಕಿಂತ ಒಪ್ಪುವ ಪ್ರಸಾದ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಊಟದ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಎಣ್ಣೆಗಾಯಿಯ ಮಸಾಲೆ, ರೊಟ್ಟಿ ಬಡಿಯುವ ಸಪ್ಪಳ, ಎಲ್ಲವೂ ಪತ್ರಿಕೆಗಳಲ್ಲಿ ಬಂದಿದೆ. ಆ ಬುಟ್ಟಿಯ ಬಗ್ಗೆ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಬೆಳಗಿನ ಜಾವ ಎದ್ದು ಬಡಿದ ರೊಟ್ಟಿ ಮಧ್ಯಾಹ್ನದ ಬಿಸಿಲಿನಲ್ಲೂ ಹಳಸದೆ, ಬೆವರದೆ, ಅಂಚು ಮುರಿಯದೆ ನಮ್ಮ ಕೈಗೆ ಬರುವುದು ಬುಟ್ಟಿಯ ಪುಣ್ಯದಿಂದ. ಬಿಸಿ ರೊಟ್ಟಿಯನ್ನು ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿ ನೋಡಿ: ಹಬೆ ಹೊರಗೆ ಹೋಗಲು ದಾರಿಯಿಲ್ಲದೆ ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ರೊಟ್ಟಿಯ ಮೇಲೆಯೇ ಇಳಿಯುತ್ತದೆ. ಮೇಲಿನ ನಾಲ್ಕು ರೊಟ್ಟಿ ಒದ್ದೆ, ಕೆಳಗಿನವು ಮುದ್ದೆ. ಬಿದಿರ ಬುಟ್ಟಿಯ ಹೆಣಿಗೆಯ ಸಂದುಗಳಲ್ಲಿ ಹಬೆ ಹೊರಬೀಳುತ್ತದೆ. ಅಷ್ಟಿಷ್ಟು ಉಳಿದದ್ದನ್ನು ಬಿದಿರೇ ಕುಡಿದುಕೊಳ್ಳುತ್ತದೆ. ಹೊರುವವರ ತಲೆಗೂ ಹಗುರ, ಸಿಂಬಿಯ ಮೇಲೆ ಸರಿಯಾಗಿ ಕೂಡುತ್ತದೆ, ನಡೆಯುವಾಗ ಸ್ವಲ್ಪ ಬಾಗಿ ಕುಲುಕನ್ನು ತಾನೇ ತಿನ್ನುತ್ತದೆ. ಇದನ್ನು ಯಾವ ಎಂಜಿನಿಯರೂ ಲೆಕ್ಕ ಹಾಕಿ ಕೊಟ್ಟದ್ದಲ್ಲ. ರೊಟ್ಟಿ ಮಾಡುವ ಹೆಂಗಸು ಮತ್ತು ಬುಟ್ಟಿ ಹೆಣೆಯುವ ಹೆಂಗಸು ತಲೆತಲಾಂತರ ಎದುರುಬದುರು ಕೂತು, ಇಷ್ಟು ಆಳ ಇರಲಿ, ಅಷ್ಟು ಅಗಲ ಬೇಡ ಎಂದು ಮಾತಾಡಿ ಮಾತಾಡಿ ತಿದ್ದಿದ ವಸ್ತು ಅದು.

ಜಾತ್ರೆಯ ದಿನಗಳಲ್ಲಿ ಈ ಬುಟ್ಟಿಗಳ ಇಡೀ ಬಳಗವೇ ಚೊಳಚಗುಡ್ಡಕ್ಕೆ ಇಳಿಯುತ್ತದೆ. ಪುಷ್ಯ ಮಾಸದಲ್ಲಿ ಪಲ್ಲೇದ ಹಬ್ಬ, ಅಂದು ದೇವಿಗೆ ನೂರೆಂಟು ಬಗೆಯ ಪಲ್ಯದ ನೈವೇದ್ಯ. ಬನದ ಹುಣ್ಣಿಮೆಗೆ ತೇರು. ಆಮೇಲೆ ತಿಂಗಳುಗಟ್ಟಲೆ ನಾಟಕ ಕಂಪನಿಗಳ ತಂಬು, ಬೆಂಡು ಬತ್ತಾಸಿನ ಸಾಲು, ಅಮೀನಗಡದ ಕರದಂಟು, ಬಾಗಿಲು ಚೌಕಟ್ಟಿನ ರಾಶಿ, ಗುಳೇದಗುಡ್ಡದ ಖಣ. ತೇರು ಎಳೆಯುವ ಹಗ್ಗ ರೋಣ ತಾಲ್ಲೂಕಿನ ಮಾಡಲಗೇರಿಯಿಂದ ಹಳಿಬಂಡಿಯಲ್ಲಿ ಬರುತ್ತದೆ, ಊರಿಗೆ ಊರೇ ಅದನ್ನು ಎದುರುಗೊಳ್ಳುತ್ತದೆ. ಬುಟ್ಟಿಯವರನ್ನು ಯಾರೂ ಎದುರುಗೊಳ್ಳುವುದಿಲ್ಲ. ಅವರು ದೊಡ್ಡ ಅಂಗಡಿಗಳ ಗದ್ದಲದಿಂದ ಸ್ವಲ್ಪ ಆಚೆ, ರಸ್ತೆಯ ಅಂಚಿನಲ್ಲಿ ಗೋಣಿಚೀಲ ಹಾಸಿ ಕೂಡುತ್ತಾರೆ. ಆ ಸಾಲಿನಲ್ಲಿ ಒಮ್ಮೆ ನಿಧಾನ ನಡೆದರೆ ಈ ಸೀಮೆಯ ಒಕ್ಕಲುತನದ ಸಂಸಾರವೆಲ್ಲ ಕಣ್ಣಿಗೆ ಕಟ್ಟುತ್ತದೆ. ರೊಟ್ಟಿಗೊಂದು ಬುಟ್ಟಿ, ಕಾಳು ಕೇರುವುದಕ್ಕೆ ಮರ, ಸಗಣಿ ಹೊರಲು ಪುಟ್ಟಿ, ಕಣದಲ್ಲಿ ರಾಶಿ ತುಂಬಲು ಹೆಡಗಿ, ಬಂಡಿಯ ಮೇಲೆ ಕೂಡಿಸಿ ಗೊಬ್ಬರ, ಹೊಟ್ಟು ತುಂಬಲು ಜಲ್ಲಿ, ಕೋಳಿ ಮುಚ್ಚುವ ಬುಟ್ಟಿ, ಎಲೆಬಳ್ಳಿ ತೋಟದವರ ವೀಳ್ಯದೆಲೆಯ ಬುಟ್ಟಿ. ಸವದತ್ತಿಯ ಎಲ್ಲಮ್ಮನಿಗೆ ನಡೆದುಕೊಳ್ಳುವ ಮನೆತನದವರು ಪಡ್ಡಲಗಿಗೆಂದು ಬೇರೆಯೇ ಒಂದನ್ನು ಆರಿಸುತ್ತಾರೆ. ಹುಣ್ಣಿಮೆಗೆ ಅದನ್ನು ತುಂಬುವ ಶಾಸ್ತ್ರಕ್ಕೆ ಬಿದಿರೇ ಆಗಬೇಕು, ಪ್ಲಾಸ್ಟಿಕ್ ನಡೆಯುವುದಿಲ್ಲ.

ಎಲ್ಲವೂ ಬಿದಿರಿನವಲ್ಲ. ಬಾದಾಮಿ, ಹುನಗುಂದ ಕಡೆಯದು ಬಿರುಬಿಸಿಲಿನ ಸೀಮೆ, ಬಿದಿರಮೆಳೆ ಇಲ್ಲಿ ಎಲ್ಲಿಂದ ಬರಬೇಕು? ಹೊಲದಲ್ಲಿ ಸಿಕ್ಕಿದ್ದರಲ್ಲೇ ಜನ ಹೆಣೆದರು. ತೊಗರಿಯ ರಾಶಿ ಮುಗಿದ ಮೇಲೆ ಉಳಿಯುವ ಉದ್ದನೆಯ ಕಟ್ಟಿಗೆ ಹಸಿಯಾಗಿದ್ದಾಗ ಬಾಗುತ್ತದೆ, ಒಣಗಿದ ಮೇಲೆ ಬಿಗಿಯಾಗುತ್ತದೆ. ಒರಟು ಹೆಡಗಿಗೆ ಅದು ಸಾಕು. ಹಳ್ಳದ ದಂಡೆಯ ಲಕ್ಕಿ ಗಿಡದ ಬರಲು, ಈಚಲ ಗರಿ, ಒಂದೊಂದಕ್ಕೂ ಒಂದೊಂದು ಕೆಲಸ. ನಯವಾದ ಬುಟ್ಟಿಗೆ, ಮರಕ್ಕೆ ಮಾತ್ರ ಬಿದಿರು ಬೇಕು. ಅದು ಹಳಿಯಾಳ, ದಾಂಡೇಲಿ, ಯಲ್ಲಾಪುರದ ಕಾಡಿನಿಂದ ಇಳಿದು ಬರಬೇಕು.

ಒಬ್ಬ ಅಜ್ಜಿ ಬುಟ್ಟಿ ಹೆಣೆಯುವುದನ್ನು ನಾನು ಬಹಳ ಹೊತ್ತು ನಿಂತು ನೋಡಿದ್ದೇನೆ. ನೀರು ಚಿಮುಕಿಸಿದ ಹಸಿ ಬಿದಿರಿನ ತುಂಡನ್ನು ಕಾಲ ಹೆಬ್ಬೆರಳಿನ ಸಂದಿಯಲ್ಲಿ ಹಿಡಿದು ಕತ್ತಿಯಿಂದ ತಲೆಗೊಂದು ಕಚ್ಚು ಹಾಕುತ್ತಾಳೆ. ಆಮೇಲೆ ಕತ್ತಿಗೆ ಹೆಚ್ಚು ಕೆಲಸವಿಲ್ಲ. ಎರಡೂ ಕೈಯಿಂದ ಎಳೆದಂತೆ ಬಿದಿರು ಗೆಣ್ಣಿನಿಂದ ಗೆಣ್ಣಿಗೆ ತಾನೇ ಸೀಳುತ್ತ ಹೋಗುತ್ತದೆ. ಸೀಳು ಒಂದು ಕಡೆ ತೆಳುವಾಗತೊಡಗಿದರೆ ದಪ್ಪಗಿರುವ ಕಡೆಯನ್ನು ಹೆಚ್ಚು ಬಾಗಿಸುತ್ತಾಳೆ, ಬಿರುಕು ಮತ್ತೆ ನಡುವಿಗೆ ಬರುತ್ತದೆ. ಹಸಿರು ಸಿಪ್ಪೆಯ ಪದರು ಬೇರೆ, ಒಳಗಿನ ಬಿಳಿ ಮೆದು ಪದರು ಬೇರೆ. ಸಿಪ್ಪೆಯದು ಗಟ್ಟಿ, ಭಾರ ತಡೆಯುವ ಕಡೆಗೆ ಅದು. ಒಳಗಿನದು ಹುಳ ಹಿಡಿಯುವಂಥದು, ಅದನ್ನು ಅಗ್ಗದ ಬುಟ್ಟಿಗೋ ಒಲೆಗೋ ಹಾಕುವುದು. ಕೊಳ್ಳುವವನಿಗೆ ಎರಡೂ ಬಿದಿರೇ. ಹಾಗಾಗಿಯೇ ಎರಡಕ್ಕೂ ಒಂದೇ ರೇಟು ಕೇಳಿ ಜಗಳ ಆಡುತ್ತಾನೆ.

ತಳ ಹಾಕುವುದು ಇನ್ನೂ ಸೂಕ್ಷ್ಮ. ಸೀಳುಗಳನ್ನು ನಡುವಿನಲ್ಲಿ ಒಂದರ ಮೇಲೊಂದು ಅಡ್ಡಡ್ಡ ಇಟ್ಟು ಸುತ್ತಲೂ ಹರಡುತ್ತಾಳೆ. ಈಗ ಒಂದು ತೆಳುವಾದ ಎಳೆ ಇವುಗಳ ಮೇಲೆ ಕೆಳಗೆ, ಮೇಲೆ ಕೆಳಗೆ ಹಾಯುತ್ತ ಸುತ್ತಬೇಕು. ಸೀಳುಗಳ ಎಣಿಕೆ ಸರಿಸಂಖ್ಯೆಯಾಗಿದ್ದರೆ ಎರಡನೆಯ ಸುತ್ತಿನಲ್ಲೂ ಎಳೆ ಮೊದಲು ಹಾಯ್ದ ಕಡೆಯೇ ಹಾಯುತ್ತದೆ, ಹೆಣಿಗೆ ಕೂಡುವುದೇ ಇಲ್ಲ, ಎಳೆದರೆ ಬಿಚ್ಚಿಕೊಳ್ಳುತ್ತದೆ. ಎಣಿಕೆ ಬೆಸವಾಗಿರಬೇಕು. ಅಡ್ಡಡ್ಡ ಇಟ್ಟ ಉದ್ದನೆಯ ಸೀಳಿಗೆ ಎರಡು ತುದಿ, ಆದ್ದರಿಂದ ಎಣಿಕೆ ಯಾವಾಗಲೂ ಸರಿಯಾಗಿಯೇ ಬರುತ್ತದೆ. ಅದಕ್ಕೆ ಆಕೆ ಒಂದು ತುದಿಯನ್ನು ಕತ್ತಿಯಿಂದ ಸಪೂರ ಎರಡು ಮಾಡಿಬಿಡುತ್ತಾಳೆ. ಅಷ್ಟೇ, ಲೆಕ್ಕ ಕೂಡಿತು! “ಇದನ್ನ ಯಾರು ಕಲಿಸಿದ್ರು ಆಯಿ?” ಎಂದೆ. “ಯಾರ ಕಲಸ್ತಾರ ತಮ್ಮಾ? ನಮ್ಮವ್ವ ಮಾಡಾಕತ್ತಿದ್ಲು, ನಾ ಮುಂದ ಕುಂತಿದ್ದೆ” ಎಂದಳು. ಶಾಲೆಯ ಗಣಿತದ ಮಾಸ್ತರರು ಸರಿ ಬೆಸ ಕಲಿಸುವಾಗ ಮಕ್ಕಳ ಕೈಗೆ ಒಂದು ಅರ್ಧ ಹೆಣೆದ ಬುಟ್ಟಿ ಕೊಟ್ಟರೆ ಎಷ್ಟು ಚೆನ್ನಾಗಿರುತ್ತದೆ ಎಂದು ಆಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಬಿದಿರಿಗೆ ಎಷ್ಟು ಕೊಟ್ಟಿರಿ ಎಂದು ಕೇಳಿದೆ. “ಅದನ್ನ ಕೇಳಬ್ಯಾಡ” ಎಂದು ಕೈ ಆಡಿಸಿದಳು. “ಮೊದಲ ಗಳ ಸಿಗವಲ್ವು. ಸಿಕ್ರ ಅವರು ಹೇಳಿದ್ದ ರೊಕ್ಕ. ಇಲ್ಲಿ ನೀವು ಹೇಳಿದ್ದ ರೊಕ್ಕ. ನಡುವ ನಾವು.”

ಆ ಮುದುಕಿಯ ಮಾತಿನ ಹಿಂದೆ ದೊಡ್ಡದೊಂದು ಕಥೆ ಇದೆ. ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. 1950ರ ದಶಕದಲ್ಲಿ ದಾಂಡೇಲಿಗೆ ಕಾಗದದ ಕಾರ್ಖಾನೆ ಬಂತು. ಕಾರ್ಖಾನೆಗೆ ಬಿದಿರು ಬೇಕಿತ್ತು, ಸರ್ಕಾರ ಟನ್ನುಗಟ್ಟಲೆ ಬಿದಿರನ್ನು ಹೆಸರಿಗೊಂದು ಬಿಡಿಗಾಸಿನ ದರದಲ್ಲಿ ಬರೆದುಕೊಟ್ಟಿತು. ಅದೇ ಬಿದಿರನ್ನು ಬುಟ್ಟಿ ಹೆಣೆಯುವ ಮೇದಾರರು, ಬುರುಡರು ಪೇಟೆಯ ದರ ಕೊಟ್ಟು ಗಳದ ಲೆಕ್ಕದಲ್ಲಿ ಕೊಳ್ಳಬೇಕಾಯಿತು. ಮೆಳೆಗಳು ಬರಿದಾಗುತ್ತ ಬಂದಾಗ ಬುಟ್ಟಿ ಹೆಣೆಯುವವರು ಬೆಂಗಳೂರಿಗೆ ಹೋಗಿ ನಮ್ಮ ಹೊಟ್ಟೆಪಾಡು ಹೋಯಿತು ಎಂದು ಕೂಗಿ ಹೇಳಿದರು. ಆಗ ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು ಸಂಡೂರಿನ ಎಂ. ವೈ. ಘೋರ್ಪಡೆ, ಕಾಡು, ಪ್ರಾಣಿಗಳ ಮೇಲೆ ಪ್ರೀತಿ ಇದ್ದ ಮನುಷ್ಯ. ಅವರು ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರಿಗೆ ಇದನ್ನು ನೋಡಿ ಎಂದು ಒಪ್ಪಿಸಿದರು. 1970ರ ದಶಕದ ನಡುಭಾಗದ ಮಾತು ಇದು.

ಗಾಡ್ಗೀಳರು ಮತ್ತು ಅವರ ಜೊತೆಗಾರರು ಉತ್ತರ ಕನ್ನಡದ ಕಾಡಿಗೆ ಹೋಗಿ ಕಂಡದ್ದರಲ್ಲಿ ಒಂದು ಸಂಗತಿ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಬಿದಿರಮೆಳೆಯ ಬುಡದ ಸುತ್ತ ಮುಳ್ಳಿನ ಕೊಂಬೆಗಳ ಬೇಲಿ ತಾನಾಗಿಯೇ ಬೆಳೆದಿರುತ್ತದೆ. ಮೆಳೆ ಉಸಿರಾಡಲಿ, ಕಡಿಯುವುದೂ ಸಲೀಸಾಗಲಿ ಎಂದು ಅದನ್ನು ಸವರಿ ಹಾಕುವುದು ಇಲಾಖೆಯ ಪದ್ಧತಿಯಾಗಿತ್ತು. ಊರಿನ ಜನ ಮಾತ್ರ, ಮುಳ್ಳು ತೆಗೆದರೆ ಮೆಳೆ ಕೆಡುತ್ತದೆ ಎನ್ನುತ್ತಲೇ ಇದ್ದರು. ಅಳೆದು ತೂಗಿ ನೋಡಿದಾಗ ಜನರ ಮಾತೇ ಖರೆಯಾಯಿತು. ಮುಳ್ಳಿನ ಬೇಲಿ ಹೋದ ಮೇಲೆ ಮಳೆಗಾಲದಲ್ಲಿ ನೆಲದಿಂದ ಏಳುವ ಎಳೆ ಕಳಲೆಯನ್ನು ದನ, ಕಾಡುಪ್ರಾಣಿಗಳು ಸುಲಭವಾಗಿ ತಿಂದು ಹಾಕುತ್ತಿದ್ದವು. ಬಿದಿರು ಒಂದೇ ಮಳೆಗಾಲದಲ್ಲಿ ತನ್ನ ಪೂರ್ತಿ ಎತ್ತರಕ್ಕೆ ಬೆಳೆಯುವ ಹುಲ್ಲು. ಆ ಕೆಲವು ವಾರ ಕಳಲೆ ಉಳಿದರೆ ಗಳ, ಇಲ್ಲದಿದ್ದರೆ ಆ ವರ್ಷ ಶೂನ್ಯ. ಇಷ್ಟು ಸರಳ ಸತ್ಯ ಬಿದಿರನ್ನು ಕೈಯಲ್ಲಿ ಹಿಡಿದು ಬದುಕಿದವರಿಗೆ ಗೊತ್ತಿತ್ತು. ಅವರನ್ನು ಮೊದಲೇ ಕೇಳಿದ್ದರೆ ಎಷ್ಟೋ ಮೆಳೆ ಉಳಿಯುತ್ತಿತ್ತು.

ಕಾನೂನು ತಡವಾಗಿ ಬಂದಿತು, ಬಂದಿತು ಎನ್ನುವುದೇ ಸಮಾಧಾನ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನೂ ಬೆತ್ತವನ್ನೂ ಕಿರು ಅರಣ್ಯ ಉತ್ಪನ್ನಗಳ ಪಟ್ಟಿಗೆ ಸೇರಿಸಿತು. 2011ರಲ್ಲಿ ಗಡಚಿರೋಲಿಯ ಮೆಂಢಾ ಲೇಖಾ ಎಂಬ ಗೊಂಡರ ಹಳ್ಳಿಗೆ ತನ್ನ ಕಾಡಿನ ಬಿದಿರನ್ನು ತಾನೇ ಮಾರುವ ಅಧಿಕಾರ ಸಿಕ್ಕಿತು. 2017ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರ ಎಂದು ಲೆಕ್ಕ ಹಿಡಿಯುವುದು ನಿಂತಿತು. ರೈತ ತನ್ನ ಹೊಲದ ಬದುವಿನ ಬಿದಿರನ್ನು ಕಡಿಯಲು ಹೆದರಬೇಕಾಗಿಲ್ಲ. ಮಲಪ್ರಭೆಯ ನೀರು ಹರಿಯುವ ಹೊಲಗಳ ಬದುವಿನಲ್ಲಿ ಒಂದೊಂದು ಮೆಳೆ ಎದ್ದರೆ ಬುಟ್ಟಿಯವರು ದಾಂಡೇಲಿಯ ಕಡೆಗೆ ಮುಖ ಮಾಡಿ ಕೂಡುವುದು ತಪ್ಪುತ್ತದೆ. ಇದು ಆಗಬೇಕಾದ ಕೆಲಸ. ಕಬ್ಬಿಗೆ ಕೊಡುವ ಪ್ರೀತಿಯಲ್ಲಿ ನೂರರಲ್ಲೊಂದು ಪಾಲು ಸಾಕು.

ಬೆತ್ತ ಎಂದೆ. ಮಲೆನಾಡಿನಲ್ಲಿ ಹಂದಿಬೆತ್ತ, ನಾಗಬೆತ್ತ ಎಂದು ಬಗೆಬಗೆಯವು ಸಿಗುತ್ತವೆ. ಬಿದಿರಿನದು ಹುಲ್ಲಿನ ಜಾತಿಯಾದರೆ ಬೆತ್ತದ್ದು ತೆಂಗು ಈಚಲಿನ ಕುಲ; ಆದರೆ ನೆಟ್ಟಗೆ ನಿಲ್ಲದೆ ಕೊಕ್ಕೆಮುಳ್ಳು ಚಾಚಿ ಮರದಿಂದ ಮರಕ್ಕೆ ಹಬ್ಬುತ್ತದೆ. ಬಿದಿರಿನ ಒಳಗು ಟೊಳ್ಳು, ಬೆತ್ತದ ಒಳಗು ತುಂಬು; ಹೇಗೆ ಬಾಗಿಸಿದರೂ ಬಾಗುತ್ತದೆ. ಬೆತ್ತ ಹೆಣೆಯುವವರು ದೂರದ ದೇಶಗಳಲ್ಲೂ ಇದ್ದಾರೆ. ಫಿಲಿಪ್ಪೀನ್ಸ್ ದೇಶದ ಮಿಂದೋರೋ ದ್ವೀಪದ ಬೆಟ್ಟಗಳಲ್ಲಿ ಮಾಂಗ್ಯನ್ ಎಂಬ ಮೂಲನಿವಾಸಿಗಳಿದ್ದಾರೆ, ಎಂಟು ಬಳಿಯವರು. ಬೆತ್ತ ಸೀಳಿ, ನಿತೋ ಎಂಬ ಜರಿಗಿಡದ ಜಾತಿಯ ಕಪ್ಪು ಬಳ್ಳಿಯನ್ನು ಎಳೆ ಮಾಡಿ ಅವರು ಹೆಣೆಯುವ ಕೈಚೀಲ, ಬುಟ್ಟಿಗಳು ಈಗ ದೂರದ ಪಟ್ಟಣಗಳಲ್ಲಿ ಶೋಕಿಯ ವಸ್ತುಗಳಾಗಿವೆ. ಅಂಥದೊಂದರ ಚಿತ್ರ ನೋಡಿದಾಗ ಮೊದಲು ನನ್ನ ಕಣ್ಣು ಹೋದದ್ದು ತಳಕ್ಕೆ. ಅಲ್ಲಿಯೂ ನಡುವಿನಿಂದ ಸುತ್ತ ಹರಡಿದ ಸೀಳುಗಳು! ಚೊಳಚಗುಡ್ಡದ ಆಯಿ ಮತ್ತು ಮಿಂದೋರೋದ ತಾಯಿ ಎದುರಿಗೆ ಕೂತರೆ ಒಂದು ಮಾತೂ ಆಡದೆ ಸಂಜೆಯೊಳಗೆ ಒಂದು ಬುಟ್ಟಿ ಮುಗಿಸಿಯಾರು.

ಮಾಂಗ್ಯನ್ನರಲ್ಲಿ ಹನುನೂ ಎಂಬ ಬಳಿಯವರ ಬಗ್ಗೆ ಹರಾಲ್ಡ್ ಕಾಂಕ್ಲಿನ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ 1954ರಲ್ಲಿ ದೊಡ್ಡ ಅಧ್ಯಯನ ಮುಗಿಸಿದ. ಈ ಬಳಿಯವರು 1600ಕ್ಕೂ ಹೆಚ್ಚು ಬಗೆಯ ಸಸ್ಯಗಳನ್ನು ಬೇರೆ ಬೇರೆ ಹೆಸರಿಟ್ಟು ಗುರುತಿಸುತ್ತಿದ್ದರು. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು. ಹನುನೂ ಜನ ಬಿದಿರನ್ನು ಹೆಣೆಯುವುದಷ್ಟೇ ಅಲ್ಲ, ಬಿದಿರಿನ ಮೇಲೆ ಚೂರಿಯ ಮೊನೆಯಿಂದ ಬರೆಯುತ್ತಾರೆ. ಸಾಲಿಗೆ ಏಳು ಅಕ್ಷರಗಳ ಅಂಬಾಹನ್ ಎಂಬ ಹಾಡುಗಬ್ಬ ಅವರದು. ಬರೆಯುವ ಲಿಪಿ ಬ್ರಾಹ್ಮಿಯ ಕುಲದ್ದು, ಅಂದರೆ ನಮ್ಮ ಕನ್ನಡ ಲಿಪಿಯ ದೂರದ ದಾಯಾದಿ. ಯುನೆಸ್ಕೊ 1999ರಲ್ಲಿ ಈ ಫಿಲಿಪ್ಪೀನ್ಸ್ ಲಿಪಿಗಳನ್ನು ಜಗತ್ತಿನ ನೆನಪಿನ ದಾಖಲೆಗಳಲ್ಲಿ ಸೇರಿಸಿತು. ಇತ್ತ ಬಾದಾಮಿಯ ಬಂಡೆಯ ಮೇಲೆ ಕ್ರಿ.ಶ. 700ರ ಸುಮಾರಿಗೆ ಕಪ್ಪೆ ಅರಭಟ್ಟನ ತ್ರಿಪದಿಗಳನ್ನು ಕಡೆದರು. ಅವರದು ಬಿದಿರು, ನಮ್ಮದು ಕಲ್ಲು. ಎರಡೂ ಕಡೆ ಎಣಿಸಿ ಹೆಣೆದ ಪದ್ಯ. ನಮ್ಮ ನಾಡಿನ ಕಡೆಯ ಜನ ಆ ದಿಕ್ಕಿನ ದ್ವೀಪಗಳ ದಾರಿ ಹಿಡಿದದ್ದೂ ಉಂಟು. ಹುನಗುಂದ ತಾಲ್ಲೂಕಿನ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಸಂಘದ ಶಾಸನ ಸುಮಾತ್ರಾದ ಬರೂಸ್ ಬಳಿ ಸಿಕ್ಕಿದೆ, ಕಾಲ 1088, ಭಾಷೆ ತಮಿಳು. ಆ ಹಡಗುಗಳ ಸರಕು ಯಾವ ಬುಟ್ಟಿಗಳಲ್ಲಿ ತುಂಬಿತ್ತೋ ಎಂದು ಯೋಚಿಸುತ್ತೇನೆ. ಕಲ್ಲು ಉಳಿಯುತ್ತದೆ, ತಾಮ್ರ ಉಳಿಯುತ್ತದೆ. ಬುಟ್ಟಿಯನ್ನು ಮಣ್ಣು ತಿಂದುಬಿಡುತ್ತದೆ. ಹಾಗಾಗಿ ಇತಿಹಾಸದಲ್ಲಿ ಬುಟ್ಟಿಯವರ ಪುಟವೇ ಇಲ್ಲ.

ಪುಟ ಇಲ್ಲವೇ ಇಲ್ಲ ಎನ್ನುವುದೂ ತಪ್ಪಾದೀತು. ಹನ್ನೆರಡನೆಯ ಶತಮಾನದ ಶರಣರು ಒಂದು ಪುಟ ಬರೆದಿಟ್ಟರು. ಬುಟ್ಟಿ ಹೆಣೆಯುವ ಮೇದರ ಕೇತಯ್ಯ, ಆತನ ಹೆಂಡತಿ ಸಾತವ್ವ, ಹುಲ್ಲು ಕೊಯ್ದು ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಇವರೆಲ್ಲ ಅನುಭವ ಮಂಟಪದಲ್ಲಿ ಬಸವಣ್ಣನವರ ಸರಿಸಮಕ್ಕೆ ಕೂತವರು. ಕೇತಯ್ಯನ ವಚನಗಳ ಅಂಕಿತ ಗವರೇಶ್ವರ. ಬಿದಿರಿನೊಳಗಿಂದ ಹೊನ್ನು ಸುರಿದರೂ ಅದನ್ನು ಹುಳು ಎಂದು ಬಗೆದು ಬೇರೆ ಬಿದಿರಿಗೆ ಕೈಹಾಕಿದ ಎಂಬುದು ಆತನ ಕಥೆ. ಚಂದಯ್ಯನ ಕಥೆ ಇನ್ನೂ ನೇರ. ಆತನ ಹಗ್ಗಕ್ಕೆ ಬಸವಣ್ಣನವರು ಬೆಲೆಗಿಂತ ಹೆಚ್ಚು ಹೊನ್ನು ಕೊಟ್ಟಾಗ, ದುಡಿಮೆಗೆ ಸಲ್ಲುವಷ್ಟೇ ಸಾಕು ಎಂದು ಹೆಚ್ಚಿನದನ್ನು ಹಿಂದಕ್ಕೆ ಕಳಿಸಿದ. ಅಷ್ಟು ಕಟ್ಟುನಿಟ್ಟಿನ ಜನರ ವಾರಸುದಾರರ ಹತ್ತಿರ ನಿಂತು ನಾವು ಹತ್ತು ರೂಪಾಯಿಗೆ ಎಳೆದಾಡುತ್ತೇವಲ್ಲ ಎಂದು ನನಗೆ ಸಂಕಟವಾಗುತ್ತದೆ.

ಈ ಸೀಮೆಯ ಕೊರವರದು ಇನ್ನೊಂದು ದುಃಖದ ಅಧ್ಯಾಯ. ಒಂದು ಕಾಲಕ್ಕೆ ಅವರು ಕತ್ತೆ, ಎತ್ತುಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರು ತಿರುಗಿ ಮಾರುತ್ತಿದ್ದ ಜನ. 1880ರ ದಶಕದಲ್ಲಿ ಹೊಟಗಿ–ಗದಗ ರೈಲು ಬಾಗಲಕೋಟೆ, ಬಾದಾಮಿಯ ಮೇಲೆ ಹಾಯ್ದಿತು; ಇಂಥ ದಾರಿಗಳು ಎಲ್ಲೆಲ್ಲಿ ಬಂದವೋ ಅಲ್ಲಲ್ಲಿ ಹೇರಿನ ವ್ಯಾಪಾರ ಬಿದ್ದುಹೋಯಿತು. ಉಳಿದದ್ದು ಈಚಲ ಪೊರಕೆ, ಬುಟ್ಟಿ. ಅದರ ಜೊತೆಗೆ 1871ರ ಕಾಯ್ದೆ, ಹುಟ್ಟಿನಿಂದಲೇ ಅಪರಾಧಿಗಳೆಂದು ಇಡೀ ಸಮುದಾಯಗಳಿಗೆ ಮುದ್ರೆ ಒತ್ತುವ ದಾರಿ ತೆರೆಯಿತು. ವಿಜಯಪುರ, ಬಾಗಲಕೋಟೆ, ಹುಬ್ಬಳ್ಳಿ, ಗದಗಗಳಲ್ಲಿ ಬೇಲಿ ಹಾಕಿದ ಸೆಟ್ಲ್‌ಮೆಂಟುಗಳು ಎದ್ದವು. ಹಾಜರಿ ಕೊಡದೆ ಹೊರಗೆ ಕಾಲಿಡುವ ಹಾಗಿರಲಿಲ್ಲ. ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952ರಲ್ಲಿ, ಆ ಮುದ್ರೆ ಅಳಿಯಿತು. ಬುಟ್ಟಿ ಹೊತ್ತು ಬಾಗಿಲಿಗೆ ಬಂದವಳನ್ನು ಅನುಮಾನದಿಂದ ನೋಡುವ ಕಣ್ಣು ಅಷ್ಟು ಬೇಗ ಅಳಿಯಲಿಲ್ಲ. ಕರಾವಳಿಯಲ್ಲೂ ಇದೇ ಪಾಡು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಕೊರಗರು ಕಾಡಿನ ಬಳ್ಳಿಗಳಿಂದ ಹೆಣೆಯುವ ಬುಟ್ಟಿಗಳು ಮಾಂಗ್ಯನ್ನರ ಕೆಲಸಕ್ಕೆ ಬಹಳ ಹತ್ತಿರದವು, ಎತ್ತಿ ಒಗೆದರೂ ಮುರಿಯದಂಥವು. ಅಂಥ ಕೈಗಳ ಜನರನ್ನು ಅಜಲು ಎಂಬ ಹೀನ ಪದ್ಧತಿಯಲ್ಲಿ ಇಟ್ಟಿದ್ದರು; ಅದನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ ಬಂದದ್ದು 2000ದಲ್ಲಿ. ಮಿಂದೋರೋದ ಬೆಟ್ಟದವರನ್ನೂ ಬಯಲಿನವರು ಹೀಗೆಯೇ ಕೀಳಾಗಿ ಕಂಡು ಮೇಲೆ ಮೇಲೆ ತಳ್ಳಿದರಂತೆ. ಎಲ್ಲ ಮನೆಯ ಅಡುಗೆಮನೆಗೂ ಬುಟ್ಟಿ ಬೇಕು, ಹೆಣೆದವರು ಮಾತ್ರ ಹೊಸ್ತಿಲ ಆಚೆ.

ಇಳಕಲ್ಲಿನ ಸೀರೆಗೆ ನಾವು ಹೀಗೆ ಮಾಡಲಿಲ್ಲ. ಸೀರೆಯ ಹಾಸಿನ ಎಳೆಗೂ ಸೆರಗಿನ ರೇಷ್ಮೆಯ ಎಳೆಗೂ ಒಂದೊಂದಾಗಿ ಕೊಂಡಿ ಹಾಕುವ ಆ ಕೆಲಸವನ್ನು ನೋಡಿ ಬೆರಗಾಗುತ್ತೇವೆ, ತೋಪು ತೆನಿ ಸೆರಗಿನ ಹಾಡು ಕಟ್ಟುತ್ತೇವೆ, ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಾಗ ಊರೆಲ್ಲ ಹಿಗ್ಗುತ್ತೇವೆ. ಗುಳೇದಗುಡ್ಡದ ಖಣಕ್ಕೂ ಆ ಗೌರವ ಬಂತು. ಬರಬೇಕಾದ್ದೇ. ಮಗ್ಗದ ಮುಂದೆ ಕೂತವನ ಜಾಣತನವೂ ಗೋಣಿಚೀಲದ ಮೇಲೆ ಕೂತವಳ ಜಾಣತನವೂ ನನ್ನ ಲೆಕ್ಕದಲ್ಲಿ ಒಂದೇ ತೂಕದವು. ಮಗ್ಗ ನೆಟ್ಟಗೆ ನೇಯುವುದಕ್ಕೆ ಒಂದು ಆಸರೆಯನ್ನಾದರೂ ಕೊಡುತ್ತದೆ. ಬುಟ್ಟಿಗೆ ಮಗ್ಗವೂ ಇಲ್ಲ, ಅಚ್ಚೂ ಇಲ್ಲ. ದುಂಡಗಿನ ಆಕಾರ ಪೂರ್ತಿ ಆಕೆಯ ಅಂಗೈಯ ಒತ್ತಡದಲ್ಲಿದೆ. ಮೂರನೆಯ ಸುತ್ತಿನಲ್ಲಿ ತುಸು ಹೆಚ್ಚು ಎಳೆದರೆ ಬುಟ್ಟಿ ಬಾಯಿ ಮುಚ್ಚಿಕೊಳ್ಳುತ್ತದೆ, ತುಸು ಸಡಿಲ ಬಿಟ್ಟರೆ ತಾಟಿನಂತೆ ಹರವಿಕೊಳ್ಳುತ್ತದೆ.

ಮಲೆನಾಡಿನ ದೀವರ ಹೆಂಗಸರು ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ ಬರೆಯುತ್ತಾರೆ. ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ತೆನೆ, ಏಣಿ, ಬಳ್ಳಿಗಳ ಚಿತ್ತಾರ ಬಿಡಿಸಿ, ಅದರಲ್ಲಿ ಅಡುಗೆ ತುಂಬಿ ಗದ್ದೆಗೆ ಒಯ್ಯುತ್ತಾರೆ. ನಮ್ಮ ಕಡೆ ಸೀಗಿ ಹುಣ್ಣಿಮೆ, ಎಳ್ಳಮಾಸಿಗೆ ಚರಗದ ಬುಟ್ಟಿ ಹೊಲಕ್ಕೆ ಹೋಗುತ್ತದೆ. ಹೆಣ್ಣುಮಕ್ಕಳು ಹೊಸ ಸೀರೆಯುಟ್ಟು, ಬುಟ್ಟಿಯಲ್ಲಿ ಕಡಬು, ಸಜ್ಜಿ ರೊಟ್ಟಿ, ಪುಂಡಿ ಪಲ್ಯ ತುಂಬಿ, ಬಂಡಿ ಏರಿ ಹೋಗಿ, ಹೊಲದಲ್ಲಿ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುತ್ತಾರೆ. ನಾನು ನೋಡುತ್ತಿದ್ದ ಹಾಗೆ ಈ ಬುಟ್ಟಿಗಳ ಜಾಗಕ್ಕೆ ಬಣ್ಣದ ಪ್ಲಾಸ್ಟಿಕ್ ಟಬ್ಬುಗಳು ಬಂದವು. ಗೊಬ್ಬರ ಹೊರುವ ಪುಟ್ಟಿ ಟೈರಿನದಾಯಿತು. ಟೈರಿನ ಪುಟ್ಟಿಯ ಮೇಲೆ ನನಗೆ ಸಿಟ್ಟಿಲ್ಲ. ಅದು ಬಾಳಿಕೆ ಬರುತ್ತದೆ, ಕೂಲಿಯ ಹೆಣ್ಣುಮಗಳಿಗೆ ಅನುಕೂಲ. ರೊಟ್ಟಿ, ಕಾಳು, ಹಣ್ಣು, ಎಲೆಯಂಥ ಉಸಿರಾಡುವ ವಸ್ತುಗಳಿಗೆ ಪ್ಲಾಸ್ಟಿಕ್ ಹೊಂದುವುದಿಲ್ಲ ಎನ್ನುವುದಷ್ಟೇ ನನ್ನ ವಾದ. ಬನಶಂಕರಿಯ ರೊಟ್ಟಿಯ ತಾಯಂದಿರು ಬಿದಿರ ಬುಟ್ಟಿಯನ್ನು ಬಿಟ್ಟುಕೊಟ್ಟಿಲ್ಲ. ಕೆಲವರು ಒಳಗೆ ಪ್ಲಾಸ್ಟಿಕ್ ಹಾಳೆ ಹಾಸತೊಡಗಿದ್ದಾರೆ. ಅದು ಬೇಡ ಅವ್ವಾ, ಬಿಳಿ ಅರಿವೆಯೇ ಸಾಕು ಎಂದು ಕೈಮುಗಿದು ಹೇಳಬೇಕು ಅನ್ನಿಸುತ್ತದೆ.

ಬರುವ ಬನದ ಹುಣ್ಣಿಮೆಗೆ ಚೊಳಚಗುಡ್ಡಕ್ಕೆ ಹೋಗುವವರು ಬುಟ್ಟಿ ಕೊಳ್ಳುವುದಾದರೆ ಹೀಗೆ ನೋಡಿ. ಮೊದಲು ಬುಟ್ಟಿ ತಿರುವಿ ತಳ ನೋಡಿ. ಸೀಳುಗಳು ಒತ್ತಾಗಿರಬೇಕು, ಬೆರಳು ತೂರಬಾರದು. ಹೊರಮೈಯ ಎಳೆಗಳಿಗೆ ಹಸಿರು ಸಿಪ್ಪೆಯ ಮಿರುಗು ಇದ್ದರೆ ಗಟ್ಟಿ ಪದರಿನದು, ನಾಲ್ಕು ಕಾಸು ಹೆಚ್ಚು ಕೊಡಬೇಕಾದ್ದು. ಬಾಯಿಯ ಅಂಚನ್ನು ಎರಡೂ ಕೈಯಿಂದ ಹಿಡಿದು ಮೆಲ್ಲಗೆ ತಿರುಚಿದರೆ ಬುಟ್ಟಿ ಸಪ್ಪಳ ಮಾಡಬಹುದು, ಸಡಿಲವಾಗಬಾರದು. ಹೇಳಿದ ಬೆಲೆ ಕೊಡಿ. ಅದರೊಳಗೆ ಕಾಡಿನಿಂದ ಇಲ್ಲಿಯವರೆಗಿನ ಲಾರಿ ಬಾಡಿಗೆ ಇದೆ, ನೆನೆಸಿದ ನೀರಿದೆ, ಸೀಳು ತಾಗಿ ಕೊಯ್ದ ಬೆರಳಿದೆ.

ಮನೆಗೆ ತಂದ ಮೇಲೆ ಹಾಗೆಯೇ ಬಳಸಬೇಡಿ. ಹಳೆಯ ಕಾಗದ ಹರಿದು ರಾತ್ರಿ ನೆನೆಹಾಕಿ, ಒಂದು ಹಿಡಿ ಮೆಂತ್ಯವನ್ನೂ ಬೇರೆ ನೆನೆಯಿಡಿ. ಬೆಳಿಗ್ಗೆ ಎರಡನ್ನೂ ಕೂಡಿಸಿ ನುಣ್ಣಗೆ ರುಬ್ಬಿದರೆ ಅಂಟಂಟಾದ ಮುದ್ದೆಯಾಗುತ್ತದೆ. ಕಾಳು ಹಿಟ್ಟು ಇಡುವ ಬುಟ್ಟಿಗಾದರೆ, ಮರಕ್ಕಾದರೆ, ಅದನ್ನು ಒಳಗೂ ಹೊರಗೂ ತೆಳುವಾಗಿ ಬಳಿದು ನೆರಳಲ್ಲಿ ಒಣಗಿಸಿ. ಸಂದು ಮುಚ್ಚುತ್ತದೆ, ಮೆಂತ್ಯದ ಕಹಿಗೆ ಹುಳ ಹತ್ತಿರ ಸುಳಿಯುವುದಿಲ್ಲ. ರೊಟ್ಟಿಯ ಬುಟ್ಟಿಗೆ ಮಾತ್ರ ಏನೂ ಬಳಿಯಬೇಡಿ. ಅದನ್ನು ಒಮ್ಮೆ ನೀರಲ್ಲಿ ಅದ್ದಿ ತೆಗೆದು, ಬಿಸಿಲಿಗೆ ಬೋರಲು ಹಾಕಿ, ಚೆನ್ನಾಗಿ ಒಣಗಿದ ಮೇಲೆ ಬಿಳಿ ಅರಿವೆ ಹಾಸಿ ರೊಟ್ಟಿ ಒಟ್ಟಿರಿ.